ಪಾಂಡವಪುರದ ದಾರಿಯಲ್ಲಿ ಬಿದ್ದುಹೋದ ‘ಹ’

ನಿವೃತ್ತನಾದ ಮೇಲೆ ಸಿಕ್ಕವರೆಲ್ಲ ಕೇಳುವ ಪ್ರಶ್ನೆ ಒಂದೇ: ‘ಅಷ್ಟು ವರ್ಷ ನೀವು ಮಾಡುತ್ತಿದ್ದದ್ದಾದರೂ ಏನು?’ ನನ್ನ ಹೆಂಡತಿಗೂ ಇದು ಪೂರ್ತಿ ಗೊತ್ತಿಲ್ಲ. ‘ಕಂಪ್ಯೂಟರು ರಿಪೇರಿ’ ಎಂದು ನೆಂಟರಿಗೆಲ್ಲ ಹೇಳಿ, ಅವರ ಮನೆಯ ಕೆಟ್ಟ ಮಿಕ್ಸಿಗಳನ್ನೆಲ್ಲ ನನ್ನ ಮುಂದೆ ತಂದಿಡುವಂತೆ ಮಾಡಿದ್ದಾಳೆ. ನಿಜವಾಗಿ ನಾನು ಮಾಡುತ್ತಿದ್ದದ್ದು ಅಂಚೆಯ ಕೆಲಸ. ಒಬ್ಬರು ಬರೆದ ಇ-ಮೇಲ್ ಇನ್ನೊಬ್ಬರಿಗೆ ಸೇರುವಂತೆ ನೋಡಿಕೊಳ್ಳುವುದು. ಸೇರಿದರೆ ನಾನೊಬ್ಬ ಇದ್ದೇನೆಂದೇ ಯಾರಿಗೂ ನೆನಪಿರುವುದಿಲ್ಲ. ಸೇರದಿದ್ದರೆ ಮಾತ್ರ ಎಲ್ಲರ ಬಾಯಲ್ಲೂ ನನ್ನ ಹೆಸರೇ.

ಈ ಕೆಲಸಕ್ಕೆ ಈಗ ಸೇರುತ್ತಿರುವ ಹುಡುಗ ಹುಡುಗಿಯರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಬಂತು, ಯಾರು ಹಾರ ಹಾಕಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದರಿಂದ ನೀವು ಕಲಿಯುವಂಥದ್ದು ಏನೂ ಇಲ್ಲ. ನಾನು ಎಡವಿದ ಜಾಗ ತೋರಿಸಿದರೆ ನೀವು ಬೇರೆ ಎಲ್ಲಾದರೂ ಎಡವಬಹುದು, ಅಷ್ಟೇ ಲಾಭ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಹಳ್ಳಿಗಳಲ್ಲಿ ಕಣ್ಣಿನ ಶಿಬಿರ ನಡೆಸುವ ಒಂದು ಟ್ರಸ್ಟಿನಲ್ಲಿ ನಾನಿದ್ದೆ. ಮುಖ್ಯ ಕಚೇರಿ ಶ್ರೀರಂಗಪಟ್ಟಣದಲ್ಲಿ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಲ್ಲಿ ಒಂದೊಂದು ಶಾಖೆ. ಯಾರೋ ಪುಣ್ಯಾತ್ಮರು ದಾನ ಕೊಟ್ಟ ಕಂಪ್ಯೂಟರುಗಳು ಬಂದಿಳಿದವು. ಬಿ.ಎಸ್ಸಿ. ಓದಿದ್ದ ತಪ್ಪಿಗೆ ನಾನು ಅವುಗಳ ಉಸ್ತುವಾರಿಗೆ ಸಿಕ್ಕಿಬಿದ್ದೆ. ಮುಖ್ಯ ಕಚೇರಿಯ ಸರ್ವರ್ ದಿನಕ್ಕೆ ಮೂರು ಸಲ ಬೆಂಗಳೂರಿಗೆ ಫೋನು ಹಚ್ಚಿ ಪತ್ರಗಳನ್ನು ತರುತ್ತಿತ್ತು. ಶಾಖೆಯವರು ಅದಕ್ಕೆ ಫೋನು ಹಚ್ಚಿ ತಮ್ಮ ತಮ್ಮ ಪತ್ರಗಳನ್ನು ಇಳಿಸಿಕೊಳ್ಳುತ್ತಿದ್ದರು. ಈಗಿನವರು ನಗಬಹುದು. ನಗಿ, ನನಗೇನೂ ಬೇಸರವಿಲ್ಲ. ಅರಕೆರೆಯ ಶಿಬಿರದಲ್ಲಿ ಎಷ್ಟು ಜನರಿಗೆ ಪೊರೆ ಬಂದಿದೆ ಎಂಬ ಪಟ್ಟಿ ಅದೇ ದಿನ ಮೈಸೂರಿನ ಡಾಕ್ಟರ ಮೇಜಿನ ಮೇಲೆ ಇರುತ್ತಿತ್ತಲ್ಲ, ಆ ಸಂತೋಷ ನಿಮಗೆ ಗೊತ್ತಿಲ್ಲ.

ಮೊದಲ ಪಾಠ ಕಲಿಸಿದವನು ಕೆ.ಆರ್. ಪೇಟೆ ಶಾಖೆಯ ಜೀಪು ಡ್ರೈವರ್ ಇಲಿಯಾಸ್. ಅಲ್ಲಿ ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಸಂಪರ್ಕ ಕಡಿದುಹೋಗುತ್ತಿತ್ತು. ಮೋಡೆಮ್ ಬದಲಾಯಿಸಿದೆ, ವೈರು ಬದಲಾಯಿಸಿದೆ, ಎಕ್ಸ್‌ಚೇಂಜಿನವರ ಜತೆ ಜಗಳವನ್ನೂ ಆಡಿದೆ. ಕೊನೆಗೆ ಒಂದು ದಿನ ಅಲ್ಲೇ ಬೆಂಚಿನ ಮೇಲೆ ಕೂತು ಕಾದೆ. ಹನ್ನೊಂದಾಯಿತು. ಇಲಿಯಾಸ್ ಟೀ ಕುಡಿದು ಒಳಗೆ ಬಂದವನೇ ಪಕ್ಕದ ಕೋಣೆಯ ಫೋನು ಎತ್ತಿ ಕಿವಿಗಿಟ್ಟುಕೊಂಡ.

“ಏನಪ್ಪ ಮಾಡ್ತಿದ್ದೀಯ?” ಎಂದೆ.

“ನೋಡಿ ಸಾಬ್, ಡೈಲಿ ಇದೇ ಟೈಮಿಗೆ ಒಳ್ಗೆ ಯಾರೋ ಕಿರುಚ್ತಾವ್ರೆ. ಇವತ್ತೂ ಕಿರುಚ್ತಾವ್ರಾ ಅಂತ ಕೇಳ್ತಾ ಇವ್ನಿ.”

ಕಿರುಚುತ್ತಿದ್ದದ್ದು ಅದೇ ಲೈನಿನಲ್ಲಿದ್ದ ನಮ್ಮ ಮೋಡೆಮ್. ಅವನು ಎತ್ತಿದ್ದರಿಂದಲೇ ಲೈನು ಕಡಿಯುತ್ತಿತ್ತು. ಯಂತ್ರವನ್ನು ಬೈಯುವ ಮೊದಲು ಅದರ ಸುತ್ತ ಇರುವ ಮನುಷ್ಯರನ್ನು ಒಂದು ದಿನ ಸುಮ್ಮನೆ ನೋಡಬೇಕು ಎಂದು ಅವತ್ತೇ ಡೈರಿಯಲ್ಲಿ ಬರೆದುಕೊಂಡೆ. ಬರೆದುಕೊಂಡದ್ದನ್ನು ಮರೆತೆ ಎಂಬುದೇ ಮುಂದಿನ ಕಥೆ.

ನಮ್ಮ ಕಾರ್ಯದರ್ಶಿ ಬಸವರಾಜಯ್ಯನವರು ತಾಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಇ-ಮೇಲ್ ಬಂದರೆ ಅದನ್ನು ಪ್ರಿಂಟ್ ತೆಗೆಸಿ, ಠಸ್ಸೆ ಒತ್ತಿ, ಬಂದ ಕಾಗದಗಳ ಆವಕ ವಹಿಯಲ್ಲಿ ನಂಬರು ಹಾಕಿ, ಆಮೇಲೆ ಓದುತ್ತಿದ್ದರು. ಉತ್ತರವನ್ನು ಕೈಯಲ್ಲಿ ಬರೆದು, ರುಜು ಹಾಕಿ, ‘ಇದನ್ನು ಕಳಿಸಿ’ ಎಂದು ನನಗೆ ಕೊಡುತ್ತಿದ್ದರು. ಬೆನ್ನ ಹಿಂದೆ ನಾನು ಎಷ್ಟು ನಕ್ಕಿದ್ದೇನೋ. ಅವರ ಗುಮಾಸ್ತ ನಿಂಗೇಗೌಡ ಅರಕೆರೆಯವನು. ದೇವರಂಥ ಮನುಷ್ಯ, ಗಂಟಲು ಮಾತ್ರ ದೊಡ್ಡದು. ಅವನು ಶ್ರೀರಂಗಪಟ್ಟಣದಲ್ಲಿ ಫೋನಿನಲ್ಲಿ ಮಾತಾಡಿದರೆ ಪಾಂಡವಪುರಕ್ಕೆ ಫೋನಿಲ್ಲದೆಯೂ ಕೇಳುತ್ತದೆ ಎಂದು ನಾವು ರೇಗಿಸುತ್ತಿದ್ದೆವು.

ಮುಖ್ಯ ಕಚೇರಿಯ ಫೋನು ಲೈನು ಮಳೆಗಾಲವೆಲ್ಲ ಕೈಕೊಡುತ್ತಿತ್ತು. ಪಾಂಡವಪುರದಲ್ಲಿ ಲೈನು ಚೆನ್ನಾಗಿತ್ತು. ಆದ್ದರಿಂದ ಅಲ್ಲಿ ಹೊಸ ಸರ್ವರ್ ಇಟ್ಟು, ಎಲ್ಲರ ಅಂಚೆಪೆಟ್ಟಿಗೆಗಳನ್ನು ಅಲ್ಲಿಗೆ ಸಾಗಿಸುವುದೆಂದು ತೀರ್ಮಾನವಾಯಿತು. ನಲವತ್ತಕ್ಕೂ ಹೆಚ್ಚು ಪೆಟ್ಟಿಗೆಗಳು. ಹಳೆಯ ಯಂತ್ರಕ್ಕೂ ಹೊಸದಕ್ಕೂ ನೇರವಾಗಿ ಮಾತಿರಲಿಲ್ಲ. ಹಾಗಾಗಿ ಎಲ್ಲವನ್ನೂ ಫ್ಲಾಪಿಗಳಲ್ಲಿ ತುಂಬಿಕೊಂಡು, ಒಂದು ಚೀಲಕ್ಕೆ ಹಾಕಿ, ಬಸ್ಸು ಹತ್ತಿದೆ. ಬಸ್ಸು ತುಂಬಿತ್ತು. ಡ್ರೈವರ್ ಒಳ್ಳೆಯವನು, “ಕೊಡಿ ಸಾ, ಇಲ್ಲಿ ಭದ್ರವಾಗಿರ್ತದೆ” ಎಂದು ಚೀಲವನ್ನು ತೆಗೆದುಕೊಂಡು ತನ್ನ ಪಕ್ಕದ ಸ್ಪೀಕರಿನ ಮೇಲೆ ಇಟ್ಟ. ಹಾಡು ಜೋರಾಗಿತ್ತು, ನಾನೂ ತಲೆದೂಗಿದೆ. ಸ್ಪೀಕರಿನಲ್ಲಿ ಅಯಸ್ಕಾಂತ ಇರುತ್ತದೆ, ಫ್ಲಾಪಿಗೆ ಅದು ವಿಷ ಎಂಬುದು ಬಿ.ಎಸ್ಸಿ. ಓದಿದ ನನಗೆ ಪಾಂಡವಪುರದಲ್ಲಿ ಇಳಿದ ಮೇಲೆ ನೆನಪಾಯಿತು. ಪುಣ್ಯಕ್ಕೆ ಕೆಟ್ಟದ್ದು ಕೆಳಗಿದ್ದ ಒಂದೇ ಫ್ಲಾಪಿ. ಅದರಲ್ಲಿ ಇದ್ದದ್ದು ಹೆಸರುಗಳ ಪಟ್ಟಿ.

ಮತ್ತೆ ಬಸ್ಸು ಹತ್ತಲು ಸೋಮಾರಿತನ. ಶ್ರೀರಂಗಪಟ್ಟಣಕ್ಕೆ ಫೋನು ಮಾಡಿ ನಿಂಗೇಗೌಡನನ್ನು ಹಳೆಯ ಯಂತ್ರದ ಮುಂದೆ ಕೂರಿಸಿದೆ. “ನೀನು ಹೆಸರು ಓದುತ್ತಾ ಹೋಗು, ನಾನು ಹೊಡೆಯುತ್ತಾ ಹೋಗುತ್ತೇನೆ.” ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿ. ಆದರೆ ಯಾವ ಹೆಸರನ್ನು ಹೇಗೆ ಬರೆಯಬೇಕು ಎಂಬುದಕ್ಕೆ ನಾನೇ ಒಂದು ನಿಯಮ ಮಾಡಿದ್ದೆ: ದೀರ್ಘಕ್ಕೆ ಎರಡು ಅಕ್ಷರ, ಒತ್ತಿಗೆ ಎರಡು ಅಕ್ಷರ, ಹೀಗೆ. ಕಿವಿಗೆ ಕೇಳಿದರೆ ಸಾಕು, ಕೈ ತಪ್ಪುವುದಿಲ್ಲ ಎಂಬ ಜಂಬ. ಅಕ್ಷರ ಬಿಡಿಸಿ ಹೇಳು ಎಂದು ಗೌಡನಿಗೆ ಹೇಳಲೇ ಇಲ್ಲ. ಅವನು ಓದಿದ, ನಾನು ಹೊಡೆದೆ. ಅರ್ಧ ಗಂಟೆಯಲ್ಲಿ ಮುಗಿಯಿತು. ನಡುವೆ ‘ಇಲಿಯಾಸ್’ ಎಂದು ಬಂದಾಗ, ‘ಹ’ ನುಂಗುವ ಗೌಡ ಇಲ್ಲೂ ಒಂದನ್ನು ನುಂಗಿರಬೇಕು ಎಂದು ಅನುಮಾನ ಬಂದು ನಾನಾಗಿಯೇ ಒಂದು ‘ಹ’ ಸೇರಿಸಿದೆ. ನನ್ನ ಜಾಣತನ ಅಷ್ಟು ಹೊತ್ತಿಗೇ ನನ್ನನ್ನು ಎಚ್ಚರಿಸಬೇಕಿತ್ತು. ಎಚ್ಚರಿಸಲಿಲ್ಲ.

ಆಮೇಲೆ ಹೊಸ ಪಟ್ಟಿ ಹಿಡಿದು ನಾಲ್ಕೂ ಊರು ಸುತ್ತಿ ಪ್ರತಿಯೊಬ್ಬರ ಯಂತ್ರದಲ್ಲಿ ಹೊಸ ಪೆಟ್ಟಿಗೆಯ ಹೆಸರು ಕೂರಿಸಿ ಬಂದೆ. ಅವರು ಏನೂ ಟೈಪ್ ಮಾಡಬೇಕಾಗಿರಲಿಲ್ಲ, ಗುಂಡಿ ಒತ್ತಿದರೆ ಪತ್ರ ಇಳಿಯುತ್ತಿತ್ತು. ಎಲ್ಲರಿಗೂ ಪರೀಕ್ಷೆಗೆಂದು ಒಂದೊಂದು ಪತ್ರ ಕಳಿಸಿದೆ. ಎಲ್ಲರಿಗೂ ಸೇರಿತು. ಬಸವರಾಜಯ್ಯನವರು ತಮಗೆ ಬಂದದ್ದಕ್ಕೆ ಆವಕ ನಂಬರು ಹಾಕಿದರು. ಹಳೆಯ ಯಂತ್ರಕ್ಕೆ ಬಟ್ಟೆ ಹೊದಿಸಿ, ಬೆನ್ನು ತಟ್ಟಿಕೊಂಡು ಮನೆಗೆ ಹೋದೆ.

ವಾರ ಕಳೆಯುವಷ್ಟರಲ್ಲಿ ನಾಗಮಂಗಲದಿಂದ ಹಸೀನಾಳ ಫೋನು.

ಹಸೀನಾ ಅಲ್ಲಿನ ಶಾಖೆಯಲ್ಲಿ ಶಿಬಿರಕ್ಕೆ ಬಂದವರ ದೃಷ್ಟಿ ಪರೀಕ್ಷೆ ಮಾಡುತ್ತಿದ್ದಳು. ಅವಳ ತಂದೆ ತಾಮ್ರ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವರು. ಸ್ಟೀಲು ಬಂದ ಮೇಲೆ ಅವರ ಕುಲುಮೆ ವಾರಕ್ಕೆರಡು ದಿನ ಉರಿದರೆ ಹೆಚ್ಚು. ಮಗಳಿಗೆ ಕನ್ನಡಕ ತಯಾರಿಸುವುದನ್ನು ಕಲಿಯುವ ಆಸೆ. ತಮಿಳುನಾಡಿನ ಒಂದು ದೊಡ್ಡ ಕಣ್ಣಾಸ್ಪತ್ರೆಯಲ್ಲಿ ಒಂದು ವರ್ಷದ ತರಬೇತಿ, ಊಟ ವಸತಿ ಅವರದೇ. ಅರ್ಜಿ ಹಾಕಿ, ಅದರಲ್ಲಿ ತನ್ನ ಇ-ಮೇಲ್ ವಿಳಾಸವನ್ನು ದುಂಡಗೆ ಬರೆದಿದ್ದಳು. ಸಂದರ್ಶನದ ಕರೆ ಇ-ಮೇಲಿನಲ್ಲೇ ಬರುತ್ತದೆ ಎಂದು ಅವರು ಹೇಳಿದ್ದರು. ವಯಸ್ಸಿನ ಮಿತಿ ಅವಳಿಗೆ ಆ ವರ್ಷವೇ ಮುಗಿಯುತ್ತಿತ್ತು.

“ಸಾರ್, ಆಸ್ಪತ್ರೆದು ಇನ್ನೂ ಬಂದಿಲ್ಲ. ಪೆಟ್ಟಿಗೆಗೆ ಏನಾದ್ರೂ ಆಗಿದ್ಯಾ?”

ನಾನು ಕೂತಲ್ಲಿಂದಲೇ ಒಂದು ಪರೀಕ್ಷಾ ಪತ್ರ ಕಳಿಸಿದೆ. ಅವಳಿಗೆ ಸೇರಿತು. “ಪೆಟ್ಟಿಗೆ ಕಲ್ಲುಗುಂಡಿನಂತಿದೆಯಮ್ಮ. ಅವರೇ ಬರೆದಿಲ್ಲ” ಎಂದೆ. ಮುಂದಿನ ವಾರವೂ ಫೋನು ಮಾಡಿದಳು. ಅದೇ ಪರೀಕ್ಷೆ, ಅದೇ ಉತ್ತರ. ಅವರಿಗೇ ಬರೆದು ಕೇಳಬಾರದೇ ಎಂದರೆ, “ಬೇಡ ಸಾರ್, ಪೀಡಿಸಿದ ಹಂಗಾಗ್ತದೆ” ಎಂದಳು. ಮೂರನೆಯ ವಾರ ನಾನು ಸ್ವಲ್ಪ ಖಾರವಾಗಿಯೇ ಮಾತಾಡಿದೆ. ಅದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ. ನನ್ನ ಯಂತ್ರದ ಮೇಲೆ ನನಗಿದ್ದ ನಂಬಿಕೆ ಆ ಹುಡುಗಿಯ ಮಾತಿನ ಮೇಲೆ ಇರಲಿಲ್ಲ.

ಅದಾದ ಕೆಲವು ದಿನಕ್ಕೆ ನಾಗಮಂಗಲದ ಒಂದು ಮಾನಿಟರು ಕೆಟ್ಟು ನಾನೇ ಹೋಗಬೇಕಾಯಿತು. ಮಾನಿಟರು ಬಿಚ್ಚಿಕೊಂಡು ಕೂತಿದ್ದಾಗ ಹಸೀನಾ ಟೀ ತಂದಿಟ್ಟಳು. ನನ್ನ ಚೀಲದಿಂದ ಇಣುಕುತ್ತಿದ್ದ ಪೆಟ್ಟಿಗೆಗಳ ಪಟ್ಟಿ ಅವಳ ಕಣ್ಣಿಗೆ ಬಿತ್ತು. ಬಗ್ಗಿ ನೋಡಿ, ಒಂದು ಸಾಲಿನ ಮೇಲೆ ಬೆರಳಿಟ್ಟಳು.

“ಸಾರ್, ನಮ್ಮ ಶಾಖೇಲಿ ಈ ಅಸೀನಾ ಯಾರು?”

“ನೀನೇ ಅಲ್ವೇನಮ್ಮ?”

“ನಾನು ಹಸೀನಾ ಸಾರ್. ಹಾಲಿನ ಹ.” ಅವಳು ನಗುತ್ತಲೇ ಇದ್ದಳು. “ನಿಂಗೇಗೌಡ್ರು ಅಸೀನಾ ಅಂತಾರೆ, ಅದು ಅವ್ರ ಪ್ರೀತಿ. ಮಿಷಿನ್ನೂ ಹಂಗೇ ಅಂದ್ರೆ ಹೆಂಗೆ ಸಾರ್?”

ನಾನೂ ನಗಲು ಬಾಯಿ ತೆರೆದೆ. ಮುಂದಿನ ಕ್ಷಣದಲ್ಲಿ ಪಟ್ಟಿಯನ್ನು ಎಳೆದುಕೊಂಡು ಆ ಸಾಲನ್ನು ಮತ್ತೆ ಓದಿದೆ. ನಾನು ಕಳಿಸುತ್ತಿದ್ದ ಪರೀಕ್ಷಾ ಪತ್ರಗಳೆಲ್ಲ ಹೋಗುತ್ತಿದ್ದದ್ದು ‘ಅಸೀನಾ’ಗೆ. ಅವಳ ಯಂತ್ರದಲ್ಲಿ ನಾನೇ ಕೂರಿಸಿದ್ದೂ ‘ಅಸೀನಾ’ಳನ್ನೇ. ಅವು ಸೇರದೆ ಏನು ಮಾಡುತ್ತವೆ? ಆಸ್ಪತ್ರೆಯವರು ಬರೆಯುತ್ತಿದ್ದದ್ದು ಹಸೀನಾಗೆ. ಆ ಹೆಸರಿನ ಪೆಟ್ಟಿಗೆಯೇ ನಮ್ಮಲ್ಲಿ ಇರಲಿಲ್ಲ.

ತಪ್ಪು ಗೌಡನ ನಾಲಿಗೆಯದೆಂದು ಯಾರೂ ತಿಳಿಯಬೇಡಿ. ಅವನ ಮುಂದೆ ಪರದೆಯ ಮೇಲೆ ‘ಹ’ ಇತ್ತು. ಅವನ ಬಾಯಲ್ಲಿ ಅದು ನಿಲ್ಲುವುದಿಲ್ಲ, ಅಷ್ಟೇ. ನಮ್ಮ ಮಂಡ್ಯ ಸೀಮೆಯಲ್ಲಿ ಯಾರ ಬಾಯಲ್ಲಿ ನಿಲ್ಲುತ್ತದೆ? ನಮ್ಮ ಮನೆಯಲ್ಲೇ ಹೊನ್ನಮ್ಮತ್ತೆ ಬದುಕಿದಷ್ಟು ದಿನವೂ ಒನ್ನತ್ತೆ. ಅಂಥ ಮನೆಯಲ್ಲಿ ಬೆಳೆದ ಕಿವಿಗೆ ‘ಅಸೀನಾ’ ಎಂಬುದು ಪೂರ್ತಿ ಹೆಸರಾಗಿಯೇ ಕೇಳಿಸಿತು. ಓದಿದ ಬಾಯಿ, ಕೇಳಿದ ಕಿವಿ ಎರಡೂ ಒಂದೇ ನೀರು ಕುಡಿದವು. ಇಬ್ಬರಲ್ಲಿ ಒಬ್ಬರು ಬೇರೆ ಸೀಮೆಯವರಾಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಮಾನಿಟರನ್ನು ಬಿಚ್ಚಿದ ಹಾಗೇ ಬಿಟ್ಟು ಪಾಂಡವಪುರದ ಬಸ್ಸು ಹಿಡಿದೆ. ದಾರಿಯಲ್ಲಿ ಇನ್ನೊಂದು ಯೋಚನೆ ಕೊರೆಯತೊಡಗಿತು. ಸೇರದ ಪತ್ರವನ್ನು ಯಂತ್ರ ಬರೆದವರಿಗೆ ಹಿಂದಿರುಗಿಸುತ್ತದೆ. ಅದರ ಒಂದು ನಕಲು ‘ಪೋಸ್ಟ್‌ಮಾಸ್ಟರ್’ ಎಂಬ ಪೆಟ್ಟಿಗೆಗೂ ಬೀಳುತ್ತದೆ. ಹಳೆಯ ಯಂತ್ರದಲ್ಲಿ ಆ ಪೆಟ್ಟಿಗೆಯ ಪತ್ರಗಳು ನನಗೇ ಬರುವಂತೆ ಮಾಡಿದ್ದೆ. ಹಾಗಾದರೆ ಇಷ್ಟು ದಿನ ನನಗೆ ಒಂದೂ ಯಾಕೆ ಬರಲಿಲ್ಲ? ಬಸ್ಸು ನಿಲ್ಲುವ ಮೊದಲೇ ಉತ್ತರ ಹೊಳೆಯಿತು. ಊರಿನವರ ಪೆಟ್ಟಿಗೆಗಳನ್ನೆಲ್ಲ ಸಾಗಿಸಿದವನು ಈ ದೂರಿನ ಪೆಟ್ಟಿಗೆಯನ್ನು ನನಗೆ ಜೋಡಿಸುವುದನ್ನೇ ಮರೆತಿದ್ದೆ.

ಹೊಸ ಯಂತ್ರದಲ್ಲಿ ಯಾರೂ ತೆರೆಯದ ಆ ಪೆಟ್ಟಿಗೆಯನ್ನು ತೆರೆದೆ. ತುಂಬಿ ತುಳುಕುತ್ತಿತ್ತು. ಹೊನ್ನಮ್ಮ ಎಂಬ ಅಕ್ಕಿಹೆಬ್ಬಾಳಿನ ಕಾರ್ಯಕರ್ತೆಗೆ ಬಂದವು, ಇಲಿಯಾಸನಿಗೆ ಬಂದ ಅವನ ಭಾವನ ಪತ್ರಗಳು, ಮತ್ತು ಹಸೀನಾಗೆ ಆಸ್ಪತ್ರೆ ಬರೆದ ಎರಡು ಪತ್ರ. ಮೊದಲನೆಯದು ಸಂದರ್ಶನಕ್ಕೆ ಕರೆ. ಎರಡನೆಯದು: ‘ನಿಮ್ಮ ವಿಳಾಸದಲ್ಲಿ ಈ ಹೆಸರಿನವರು ಇಲ್ಲವೆಂದು ಪತ್ರ ವಾಪಸಾಗಿದೆ. ಮತ್ತೊಮ್ಮೆ ಪ್ರಯತ್ನಿಸುತ್ತಿದ್ದೇವೆ. ಶುಕ್ರವಾರದೊಳಗೆ ಒಪ್ಪಿಗೆ ಬರದಿದ್ದರೆ ಜಾಗ ಮುಂದಿನವರಿಗೆ ಹೋಗುತ್ತದೆ.’

ಆ ಶುಕ್ರವಾರ ಕಳೆದು ನಾಲ್ಕು ದಿನವಾಗಿತ್ತು.

ಮಾರನೆಯ ಬೆಳಿಗ್ಗೆ ಎರಡೂ ಪತ್ರಗಳ ಪ್ರಿಂಟ್ ಹಿಡಿದು ಶ್ರೀರಂಗಪಟ್ಟಣಕ್ಕೆ ಹೋದೆ. ಬಸವರಾಜಯ್ಯನವರು ಎರಡನ್ನೂ ನಿಧಾನವಾಗಿ ಓದಿದರು. ಬಾಗಿಲಲ್ಲಿ ನಿಂಗೇಗೌಡ ನಿಂತಿದ್ದ.

“ಯಾರ ತಪ್ಪು ಪುಟ್ಟರಾಜು?” ಎಂದು ನನ್ನನ್ನು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಗೌಡ ಒಳಗೆ ಬಂದ. “ನಂದೇ ಅನ್ನಿ ಸಾ. ನಾನು ಅಸೀನಾ ಅಂತ ಸರ್ಯಾಗೇ ಯೋಳಿವ್ನಿ ಅನ್ಕಂಡಿದ್ದೆ. ಆ ಮಗೀನ ಎಸ್ರು ನನ್ ಬಾಯಾಗೆ ಅಂಗೇ ಬರೋದು. ಏನ್ ಮಾಡ್ಲಿ, ನಾಲ್ಗೆ ಕಿತ್ತಾಕ್ಬುಡ್ಲಾ?”

ಅವನ ಕಣ್ಣು ತುಂಬಿತ್ತು. ‘ಸರಿಯಾಗಿ’ ಹೇಳಿದೆ ಎನ್ನುವಾಗಲೂ ಅವನು ಅಸೀನಾ ಎಂದೇ ಹೇಳುತ್ತಿದ್ದ. ನನಗೆ ಅವನ ಮೇಲೆ ತುಂಬ ಅಕ್ಕರೆ ಬಂತು.

“ಇಲ್ಲ ಸರ್, ನನ್ನದು” ಎಂದೆ. “ಅಕ್ಷರ ಬಿಡಿಸಿ ಹೇಳು ಅನ್ನಲಿಲ್ಲ. ಹೊಡೆದದ್ದನ್ನು ತಿರುಗಿ ಓದಿ ಹೇಳಲೂ ಇಲ್ಲ. ದೂರಿನ ಪೆಟ್ಟಿಗೆ ಮರೆತದ್ದೂ ನಾನೇ. ಆ ಹುಡುಗಿ ಮೂರು ಸಲ ಹೇಳಿದರೂ ಕೇಳಲಿಲ್ಲ.”

ಬೈಗುಳ ಬೀಳುತ್ತದೆ ಎಂದು ಕಾದೆ. ಅವರು ಆಸ್ಪತ್ರೆಯ ಎರಡೂ ಪತ್ರಕ್ಕೆ ಠಸ್ಸೆ ಒತ್ತಿದರು, ಆವಕ ನಂಬರು ಹಾಕಿದರು. ಆಮೇಲೆ ಬಿಳಿ ಹಾಳೆ ಎಳೆದುಕೊಂಡು ಇಂಗ್ಲಿಷಿನಲ್ಲಿ ಬರೆಯತೊಡಗಿದರು. ಅರ್ಧ ಪುಟ. ಅಭ್ಯರ್ಥಿ ತನ್ನ ವಿಳಾಸವನ್ನು ಸರಿಯಾಗಿಯೇ ಬರೆದಿದ್ದಾಳೆ. ನಮ್ಮ ಸಂಸ್ಥೆ ಅವಳ ಹೆಸರಿನ ಮೊದಲ ಅಕ್ಷರವನ್ನು ಕಳೆದುಹಾಕಿದೆ. ನಿಮ್ಮ ಪತ್ರಗಳನ್ನು ನಾವು ಸ್ವೀಕರಿಸಿದ ದಿನ ಇಂದು, ಅದಕ್ಕೆ ಸಾಕ್ಷಿಯಾಗಿ ಆವಕ ಸಂಖ್ಯೆ ಇಂತಿಂಥದು. ನಮ್ಮ ತಪ್ಪಿನ ಶಿಕ್ಷೆ ಆಕೆಗೆ ಆಗಬಾರದೆಂದು ಕೋರುತ್ತೇನೆ. ರುಜು ಹಾಕಿ ನನ್ನ ಕೈಗಿಟ್ಟರು.

“ಇ-ಮೇಲಿನಲ್ಲಿ ಕಳಿಸಿ. ಫ್ಯಾಕ್ಸ್ ಮಾಡಿ. ಆಮೇಲೆ ಫೋನು ಮಾಡಿ ಎರಡೂ ಸೇರಿತೇ ಎಂದು ಕೇಳಿ. ಸೇರಿತು ಅಂತ ಅವರ ಬಾಯಿಂದ ಬರುವ ತನಕ ಪತ್ರ ಕಳಿಸಿದ ಹಾಗಲ್ಲ ಕಣಯ್ಯ.”

ಅಷ್ಟು ವರ್ಷ ಅವರ ಠಸ್ಸೆಗೆ ನಕ್ಕಿದ್ದೆನಲ್ಲ, ಅವತ್ತು ಅದೇ ಠಸ್ಸೆಯನ್ನು ಕಣ್ಣಿಗೊತ್ತಿಕೊಳ್ಳೋಣ ಎನಿಸಿತು.

ಅವರು ಹೇಳಿದ ಮೂರನ್ನೂ ಮಾಡಿ, ಪಾಂಡವಪುರಕ್ಕೆ ಮರಳಿ ರಿಪೇರಿಗೆ ಕೂತೆ. ಈ ಸಲ ನಿಂಗೇಗೌಡ ಜತೆಗೇ ಬಂದಿದ್ದ, ಹಳೆಯ ಯಂತ್ರದಿಂದ ತೆಗೆದ ಪಟ್ಟಿಯ ಪ್ರಿಂಟ್ ಹಿಡಿದು. ಒಂದೊಂದೇ ಅಕ್ಷರ ಬೆರಳಿಟ್ಟು ಓದಿದ. ಅಕ್ಷರದ ಹೆಸರು ಹೇಳಿದರೆ ಅವನ ಬಾಯಲ್ಲೂ ‘ಎಚ್’ ಸ್ಪಷ್ಟವಾಗಿ ಬರುತ್ತಿತ್ತು! ಐದು ಪೆಟ್ಟಿಗೆಗಳು ತಪ್ಪಿದ್ದವು. ನಾಲ್ಕರಲ್ಲಿ ‘ಹ’ ಇರಲಿಲ್ಲ, ಒಂದರಲ್ಲಿ ಹೆಚ್ಚಾಗಿತ್ತು. ಕೆ.ಆರ್. ಪೇಟೆಗೆ ಫೋನು ಮಾಡಿ ಇಲಿಯಾಸನ ಕ್ಷಮೆ ಕೇಳಿದರೆ, “ಪರ್ವಾಗಿಲ್ಲ ಸಾಬ್, ಹಸೀನಾ ಬೆಹೆನ್ ಹತ್ರ ‘ಹ’ ಕಿತ್ಕೊಂಡು ನನ್ಗೆ ಇನಾಮ್ ಕೊಟ್ಟಿದ್ರಿ, ವಾಪಸ್ ಕೊಟ್ಬುಡಿ” ಎಂದು ನಕ್ಕ.

ತಪ್ಪು ಹೆಸರುಗಳನ್ನು ಅಳಿಸಲು ಹೊರಟವನು ಅಲ್ಲೇ ಕೈ ತಡೆದೆ. ಈ ಕೆಲವು ವಾರಗಳಲ್ಲಿ ಅಸೀನಾ ಎಂಬ ಹೆಸರಿನಿಂದಲೂ ಪತ್ರಗಳು ಹೊರಗೆ ಹೋಗಿದ್ದವು. ಅವಕ್ಕೆ ಉತ್ತರ ಬರಬಹುದು. ಅಳಿಸಿದರೆ ಅವು ಕಳೆಯುತ್ತವೆ. ಅದಕ್ಕೇ ಹಸೀನಾಳ ಪೆಟ್ಟಿಗೆ ಮಾಡಿ, ಅಸೀನಾ ಎಂದು ಬಂದದ್ದೂ ಅದರೊಳಗೇ ಬೀಳುವಂತೆ ಮಾಡಿದೆ. ಹೊನ್ನಮ್ಮನ ಪಕ್ಕದಲ್ಲಿ ಒನ್ನಮ್ಮ, ಇಲಿಯಾಸನ ಪಕ್ಕದಲ್ಲಿ ಹಿಲಿಯಾಸ. ಎರಡು ಬಾಗಿಲು, ಮನೆ ಒಂದೇ. ದೂರಿನ ಪೆಟ್ಟಿಗೆಯನ್ನು ನನ್ನ ಪೆಟ್ಟಿಗೆಗೆ ಜೋಡಿಸಿದೆ, ಮತ್ತು ಅವತ್ತಿನಿಂದ ನಿವೃತ್ತಿಯ ತನಕ ಬೆಳಿಗ್ಗೆ ಕಚೇರಿಗೆ ಹೋದ ತಕ್ಷಣ ಮೊದಲು ತೆರೆದದ್ದು ಅದನ್ನೇ.

ಎರಡು ದಿನ ಆಸ್ಪತ್ರೆಯಿಂದ ಸದ್ದಿಲ್ಲ. ಹಸೀನಾಗೆ ಎಲ್ಲವನ್ನೂ ಫೋನಿನಲ್ಲಿ ಹೇಳಿದ್ದೆ. ಅವಳು ಬೈದಿದ್ದರೆ ಹಗುರವಾಗುತ್ತಿತ್ತು. “ನೋಡಾಣ ಸಾರ್” ಎಂದಷ್ಟೇ ಹೇಳಿದಳು. ಮೂರನೆಯ ದಿನ ಮಧ್ಯಾಹ್ನ ನನ್ನ ಫೋನು ಹೊಡೆಯಿತು. ಆ ಕಡೆ ಹಸೀನಾ: “ಬಂತು ಸಾರ್. ನನ್ನ ಹೆಸ್ರಿಗೇ ಬಂತು. ಹ ಇದೆ.”

ಜಾಗವನ್ನು ಮುಂದಿನವರಿಗೆ ಕೊಟ್ಟಾಗಿತ್ತಂತೆ, ಅದನ್ನು ಕಿತ್ತುಕೊಳ್ಳಲಾಗದು. ಆದರೆ ತಪ್ಪನ್ನು ಇಷ್ಟು ನೇರವಾಗಿ ಒಪ್ಪಿಕೊಂಡ ಪತ್ರವನ್ನು ತಾವು ಹಿಂದೆ ಓದಿಲ್ಲ, ಹುಡುಗಿ ಬರಲಿ, ಸಂದರ್ಶನದಲ್ಲಿ ಯೋಗ್ಯಳೆಂದು ಕಂಡರೆ ತರಗತಿಯಲ್ಲಿ ಇನ್ನೊಂದು ಕುರ್ಚಿ ಹಾಕುತ್ತೇವೆ ಎಂದು ಬರೆದಿದ್ದರು. ಯೋಗ್ಯಳೆಂದು ಕಂಡಳು. ತಂದೆ ಅವಳನ್ನು ಬಿಟ್ಟುಬರಲು ಹೋಗುವಾಗ, ತಾವೇ ಕಲಾಯಿ ಹಾಕಿದ ಒಂದು ಹಿತ್ತಾಳೆ ಡಬ್ಬಿಯನ್ನು ಬಸವರಾಜಯ್ಯನವರಿಗೆ ತಂದುಕೊಟ್ಟರು. ಅವರು ಅದರಲ್ಲಿ ಠಸ್ಸೆಯ ಶಾಯಿಪೆಟ್ಟಿಗೆ ಇಟ್ಟುಕೊಂಡರು.

ವರ್ಷ ಮುಗಿಸಿ ಬಂದ ಹಸೀನಾ ನಾಗಮಂಗಲ ಶಾಖೆಯಲ್ಲೇ ಕನ್ನಡಕದ ಕಾರ್ಯಾಗಾರ ತೆರೆದಳು. ಸಂತೆಬಾಚಹಳ್ಳಿಯ ಶಿಬಿರದಲ್ಲಿ ಅವಳು ಮಾಡಿದ ಕನ್ನಡಕ ಹಾಕಿ ಎಷ್ಟೋ ವರ್ಷದ ಮೇಲೆ ಸೂಜಿಗೆ ತಾನೇ ದಾರ ಪೋಣಿಸಿದ ಅಜ್ಜಿಯೊಬ್ಬಳು ಅವಳ ಕೆನ್ನೆ ಹಿಡಿದು ಅತ್ತದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಒಂದು ಅಕ್ಷರದಿಂದ ಇದೆಲ್ಲ ತಪ್ಪಿಹೋಗುತ್ತಿತ್ತು.

ನಾನು ನಿವೃತ್ತನಾಗುವ ಹೊತ್ತಿಗೆ ಪೆಟ್ಟಿಗೆಗಳನ್ನು ಮತ್ತೊಂದು ದೊಡ್ಡ ಸರ್ವರಿಗೆ ಸಾಗಿಸುವ ಕೆಲಸ ನಡೆದಿತ್ತು. ಹೊಸ ಎಂಜಿನಿಯರು ಚುರುಕು ಹುಡುಗಿ, ಧಾರವಾಡದ ಕಡೆಯವಳು. “ಸರ್, ಇಲ್ಲಿ ಒಬ್ಬೊಬ್ಬರಿಗೆ ಎರಡೆರಡು ಹೆಸರು ಅದಾವ. ಕಸ ಅಂತ ತೆಗೆದುಬಿಡ್ಲೇನ್ರಿ?” ಎಂದು ಕೇಳಿದಳು. ನಾನು ಅವಳನ್ನು ಕೂರಿಸಿ ಈ ಕಥೆಯನ್ನೆಲ್ಲ ಹೇಳಿದೆ. ಅವಳು ತೆಗೆಯಲಿಲ್ಲ.

ಹೋದ ತಿಂಗಳು ಕನ್ನಡಕದ ಗಾಜು ಬದಲಾಯಿಸಲು ನಾಗಮಂಗಲಕ್ಕೆ ಹೋಗಿದ್ದೆ. ಹಸೀನಾಳ ತಲೆಯಲ್ಲೂ ಈಗ ಬಿಳಿಕೂದಲು. ನನ್ನ ಮೂಗಿನ ಮೇಲೆ ಚೌಕಟ್ಟು ಸರಿಮಾಡುತ್ತಾ, ನಿಂಗೇಗೌಡರ ಮೊಮ್ಮಗಳ ನಾಮಕರಣಕ್ಕೆ ಕರೆ ಬಂದಿದೆ ಎಂದಳು.

“ಅರಕೆರೆಯಿಂದ ಯಾರಾದರೂ ಬಂದಿದ್ದರಾ?”

“ಇಲ್ಲ ಸಾರ್, ಮೇಲ್ ಮಾಡವ್ರೆ. ಗೌಡ್ರು ಇವತ್ತಿಗೂ ಅಸೀನಾ ಅಂತ್ಲೇ ಹೊಡೀತಾರೆ.” ಚೌಕಟ್ಟು ತೆಗೆದು ಒರೆಸಿ ಮತ್ತೆ ನನ್ನ ಕಣ್ಣಿಗಿಟ್ಟಳು. “ಸೇರ್ತದೆ ಸಾರ್.”